ಸೋಮವಾರದ ಎತ್ತು, ಭಾನುವಾರದ ಸವರಿಯಮ್ಮ

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದು. ನಮ್ಮ ತಾಳವಾಡಿ ಸೀಮೆಯಲ್ಲಿ ಬೇಸಾಯ ಮಾಡುವ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಶಿವನ ವಾರ, ಬಸವನಿಗೆ ರಜೆ. ತಿಗನಾರೆಯ ಪುಟ್ಟಬಸಪ್ಪನವರು ಅವತ್ತು ಎತ್ತುಗಳ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮುಂದೆ ಹುಲ್ಲು ಹಾಕುತ್ತಾರೆ. ಎತ್ತು ಯಾಕೆ ಸುಮ್ಮನೆ ಮಲಗಿದೆ ಎಂದು ಇವತ್ತಿನವರೆಗೆ ಯಾರೂ ಅವರನ್ನು ಕೇಳಿಲ್ಲ.

ಸವರಿಯಮ್ಮನನ್ನು ಮಾತ್ರ ಎಲ್ಲರೂ ಕೇಳಿದರು.

ಐವತ್ತು ದಾಟಿದ ಹೆಂಗಸು, ಗಂಡ ಇಲ್ಲ. ಹನ್ನೊಂದು ವರ್ಷದಿಂದ ಪುಟ್ಟಬಸಪ್ಪನವರ ಹೊಲದಲ್ಲೇ ಕೂಲಿ. ಬೇರೆ ಆಸರೆ ಇಲ್ಲ. ಶನಿವಾರ ಸಂಜೆ ಕಳೆ ಕೀಳುವ ಕುಡುಗೋಲನ್ನು ತೊಳೆದು, ಬಟ್ಟೆ ಸುತ್ತಿ ಸೂರಿಗೆ ಸಿಕ್ಕಿಸುತ್ತಾಳೆ. ಭಾನುವಾರ ಚರ್ಚಿಗೆ ಹೋಗಿ ಬರುತ್ತಾಳೆ. ಕುಡುಗೋಲು ಮುಟ್ಟುವುದು ಸೋಮವಾರವೇ. ಇಷ್ಟು ದಿನ ನಡೆಯಿತು. ಈ ವರ್ಷ ಪುಟ್ಟಬಸಪ್ಪ ಟೊಮೊಟೊ ಹಾಕಿದರು. ಸೋಮವಾರ ಬೆಳಗಿನ ವ್ಯಾನಿಗೆ ಭಾನುವಾರವೇ ಹಣ್ಣು ಕೀಳಬೇಕು. ಸವರಿಯಮ್ಮ ಬರಲಿಲ್ಲ. ಅನುಮಾನ ಶುರುವಾಗಿದ್ದು ಆಗ.

“ಗೆಟ್ಟವಾಡೀಲಿ ಜಾಸ್ತಿ ಕೂಲಿ ಕೊಡ್ತಾರಂತೆ. ಸವರಕ್ಕ ಅಲ್ಗೇ ಓಯ್ತಳೆ ಕಣಿ ಬುದ್ಧಿ,” ಎಂದು ಪುಟ್ಟಬಸಪ್ಪನವರ ಕಿವಿಗೆ ಹಾಕಿದಳು ಜೊತೆಯ ಕೂಲಿಯವಳು ಪರಿಮಳ. “ಸುಮ್ಗೆ ಮನೇಲಿ ಯಾರ್ ಕೂತ್ಕಂಡರು?”

ಸೋಮವಾರ ಪುಟ್ಟಬಸಪ್ಪ ಅವಳ ಕುಡುಗೋಲನ್ನು ಕೈಗೆ ತೆಗೆದುಕೊಂಡು ಮೂಸಿದರು. ಹಸಿ ಸೊಪ್ಪಿನ ವಾಸನೆ ಸಿಗಲಿಲ್ಲ. ತೊಳೆದುಕೊಂಡು ಬಂದಿದ್ದಾಳೆ ಎಂದುಕೊಂಡರು! ಮುಂದಿನ ಭಾನುವಾರ ಬೈಕ್ ಹತ್ತಿ ಹಿಂದೆಯೇ ಹೋದರು. ಚರ್ಚಿನ ಹೊರಗೆ ಬೇವಿನ ಮರದಡಿ ಕಾದರು. ಅವಳು ಮನೆಗೆ ಬಂದಳು, ಮುದ್ದೆ ಉಂಡಳು, ಜಗುಲಿಯ ಮೇಲೆ ಕಾಲು ಚಾಚಿ ಕೂತಳು. ಒಂದು ಗಂಟೆ. ಎರಡು ಗಂಟೆ. ಅಷ್ಟೇ. ಕಳ್ಳತನ ಕಂಡಿದ್ದರೆ ಅವರಿಗೆ ಸಮಾಧಾನವಾಗುತ್ತಿತ್ತು. ಏನೂ ಕಾಣದಿದ್ದದ್ದನ್ನೇ ತಡೆದುಕೊಳ್ಳಲಾಗಲಿಲ್ಲ. ಜಗುಲಿಯ ಮುಂದೆ ಹೋಗಿ ನಿಂತರು.

“ಏನಮ್ಮಿ ಸವರಿ, ಯಾರ್ಗ್ ಕಾಯ್ತಾ ಕುಂತಿದ್ದೀಯೆ?”

“ಯಾರ್ಗೂ ಇಲ್ಲ ಬುದ್ಧಿ. ಆರು ದಿವ್ಸ ನನ್ ಕೈಯೇ ನನ್ನ ಸಾಕ್ತದೆ ಅನ್ಕತೀನಿ. ಏಳ್ನೇ ದಿವ್ಸ ಕೈ ಮಡಿಕಂಡು ಕುಂತ್ರೆ, ಸಾಕೋನು ಬ್ಯಾರೆ ಅವ್ನೆ ಅಂತ ಗೊತ್ತಾಯ್ತದೆ. ಇವತ್ತು ನಾನು ಯಾರ ಆಳೂ ಅಲ್ಲ.”

ಆ ಕೊನೆಯ ಮಾತು ಚುಚ್ಚಿತು.

“ಬರೋ ಭಾನ್ವಾರ ಅಣ್ಣು ಕೀಳಕ್ ಬರ್ದಿದ್ರೆ ಸ್ವಾಮಾರವೂ ಬರ್ಬ್ಯಾಡ.”

ಅವಳು ಭಾನುವಾರ ಹೋಗಲಿಲ್ಲ. ಸೋಮವಾರ ಹೋದಳು. ಪುಟ್ಟಬಸಪ್ಪ ಬೇಲಿಯ ಹೊರಗೇ ನಿಲ್ಲಿಸಿದರು. ಹೊಲಕ್ಕೆ ಅಂಟಿದ ಮನೆಯ ಕೊಟ್ಟಿಗೆಯಲ್ಲಿ ಎತ್ತುಗಳು ವಿಭೂತಿ ಹಚ್ಚಿಸಿಕೊಂಡು ಮೆಲುಕು ಹಾಕುತ್ತಿದ್ದವು. ಅವರ ಹೆಂಡತಿ ಚನ್ನಮಲ್ಲಮ್ಮ ಬಾಗಿಲಿಂದಲೇ ಕೂಗಿದರು: “ಈ ಎತ್ಗೊಳ ಇಂದ್ಕೂ ಒಂದ್ಸಲ ಬೈಕ್ನಲ್ಲಿ ಓಗ್ ನೋಡ್ಬುಡಿ, ಕದ್ದು ಗೆಟ್ಟವಾಡೀಲಿ ಉತ್ಬುಟ್ ಬಂದಿದ್ದಾವು!”

ಆಳುಗಳು ನಕ್ಕರು. ಪುಟ್ಟಬಸಪ್ಪ ನಗಲಿಲ್ಲ, ಕೆಲಸವನ್ನೂ ಕೊಡಲಿಲ್ಲ.

ಸವರಿಯಮ್ಮ ಈಗ ಬಸ್ ಹತ್ತಿ ಪಣಕಹಳ್ಳಿಗೆ ಹೋಗುತ್ತಾಳೆ. ವಾರಕ್ಕೆ ಮೂರು ದಿನ ಕೆಲಸ ಸಿಕ್ಕರೆ ಹೆಚ್ಚು. ಆದರೂ ಶನಿವಾರ ಸಂಜೆ ಕುಡುಗೋಲು ಸೂರು ಸೇರುವುದು ತಪ್ಪಿಲ್ಲ.

ಅವಳ ದೇವರು ನಿಮ್ಮ ದೇವರಲ್ಲದಿರಬಹುದು. ನನ್ನ ದೇವರೂ ಅಲ್ಲ. ಆದರೆ ಎತ್ತಿನ ಮೇಲಿಡುವ ನಂಬಿಕೆಯನ್ನು ಒಬ್ಬ ಹೆಂಗಸಿನ ಮೇಲೆ ಇಡಲಾರದವರು ನಾವು ಯಾವ ಬಾಯಲ್ಲಿ ಶಿವ ಅನ್ನುತ್ತೇವೆ? ಈ ಭಾನುವಾರ ನಿಮ್ಮ ಹೊಲದ ಆಳನ್ನು ಕರೆಯಬೇಡಿ. ಎಲ್ಲಿಗೆ ಹೋಗಿದ್ದೆ ಎಂದು ಕೇಳಬೇಡಿ. ಸೋಮವಾರ ಬಂದಾಗ ಕೆಲಸ ಕೊಡಿ.