ಬೆನ್ನ ಹಿಂದಿನ ಬೆರಳು

ನಾವುಂದದ ಸುಗುಣಕ್ಕ ಮದುವೆಯ ದಿನ ತಾಳಿ ಕಟ್ಟಿಸಿಕೊಳ್ಳುವ ಮೊದಲು ಅದನ್ನು ಹಲ್ಲಿನಲ್ಲಿ ಒಮ್ಮೆ ಕಚ್ಚಿ ನೋಡಿದಳು ಎಂದು ಅವಳ ಅತ್ತೆ ಸಾಯುವವರೆಗೂ ಹೇಳುತ್ತಿದ್ದರು. ಸುಗುಣಕ್ಕ ಅದನ್ನು ಅಲ್ಲಗಳೆದದ್ದಿಲ್ಲ. "ಕಚ್ಚಿದ್ದಕ್ಕೇ ಗೊತ್ತಾಯ್ತಲ್ದಾ, ಒಳ್ಳೇದ್ ಅಂದೇಳಿ," ಎನ್ನುತ್ತಿದ್ದಳು.

ಅವಳದ್ದು ಮೀನಿನ ವ್ಯಾಪಾರ. ಬೆಳಿಗ್ಗೆ ಗಂಗೊಳ್ಳಿ ಬಂದರಿನ ಏಲಂನಲ್ಲಿ, ಅಂದರೆ ಹರಾಜಿನಲ್ಲಿ, ಹಿಡಿದು, ನಾವುಂದ, ಕಿರಿಮಂಜೇಶ್ವರದ ಮನೆಬಾಗಿಲುಗಳಲ್ಲಿ ಮಾರುವುದು. ಕಿವಿರು ಎತ್ತಿ ಕೆಂಪು ನೋಡದೆ ಒಂದು ಬಂಗುಡೆಯನ್ನೂ ಬುಟ್ಟಿಗೆ ಹಾಕಿದವಳಲ್ಲ. ಆ ಅಭ್ಯಾಸ ಮೀನಿಗೇ ನಿಂತಿದ್ದರೆ ಒಳ್ಳೆಯದಿತ್ತು. ಕೊಲ್ಲೂರಿಗೆ ಹೋದರೆ ಪ್ರಸಾದದ ಪೊಟ್ಟಣವನ್ನು ಪಕ್ಕದವರದ್ದರ ಜೊತೆ ಕೈಯಲ್ಲೇ ತೂಗಿ ನೋಡುವಳು. ಗಂಡ ನಾಗ ಮಲ್ಪೆಯ ಬೋಟಿನಿಂದ ಫೋನ್ ಮಾಡಿ ಊಟ ಆಯಿತೆಂದರೆ "ಎಂತ ಪದಾರ್ಥ?" ಎಂದು ಕೇಳುವಳು. ಅವನು ಒಂದು ಗಳಿಗೆ ತಡವರಿಸಿದರೆ ಊಟ ಆಗಿಲ್ಲವೆಂದೇ ತೀರ್ಮಾನ.

ಆದರೆ ಅವಳ ಸಂಶಯದ ದೊಡ್ಡ ಪಾಲು ಉಪ್ಪುಂದದ ಬಚ್ಚಣ್ಣನಿಗೆ ಮೀಸಲು. ಬಚ್ಚಣ್ಣನೂ ಅದೇ ಬಂದರಿನ ವ್ಯಾಪಾರಿ. ಏಲಂ ನಡೆಯುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ದೇವಸ್ಥಾನದ ಮೊಕ್ತೇಸರರ ಹಾಗೆ ನಿಲ್ಲುವವ. ಆ ಕಟ್ಟಿದ ಕೈಯಲ್ಲಿ ಒಂದೋ ಎರಡೋ ಬೆರಳು ಹೊರಗೆ ಬರುತ್ತವೆ, ಹಿಂದೆ ನಿಂತ ಅವನ ಕಡೆಯವರು ಅದನ್ನು ನೋಡಿ ಬಾಯಿ ಮುಚ್ಚುತ್ತಾರೆ, ಒಳ್ಳೆಯ ಬುಟ್ಟಿ ಅಗ್ಗಕ್ಕೆ ಅವನ ಪಾಲಾಗುತ್ತದೆ. ಇದು ಸುಗುಣಕ್ಕನ ಶೋಧ. ಕೇಳಿದರೆ ಬಚ್ಚಣ್ಣ, "ಸೊಂಟ ನೋವ್ ಮಾರಾಯ್ತಿ, ಕೈ ಕೊಟ್ ನಿಂತ್ರೆ ಒಂಚೂರ್ ಆರಾಮ್," ಎನ್ನುವನು. ಸುಗುಣಕ್ಕ ಇದಕ್ಕೆ ಮದ್ದು ಕಂಡುಕೊಂಡಿದ್ದಳು. ಅವನ ಬೆನ್ನಿಗೇ ಹೋಗಿ ನಿಂತು, ಬೆರಳು ಕಂಡ ಕೂಡಲೇ ಇಡೀ ಬಂದರಿಗೆ ಕೇಳುವ ಹಾಗೆ "ಎರಡ್ ಬೆರಳ್! ಕಾಣಿ, ಎರಡ್!" ಎಂದು ಕೂಗಿಬಿಡುವುದು. ಗುಟ್ಟು ಹೊರಬಿದ್ದ ಮೇಲೆ ಬುಟ್ಟಿ ನ್ಯಾಯದ ಬೆಲೆಗೆ ಹೋಗಲೇಬೇಕು.

ಇಂಥವಳ ಮಗಳು ದೀಕ್ಷಾ ಬೈಂದೂರು ಕಾಲೇಜಿನ ವಾಲಿಬಾಲ್ ತಂಡದಲ್ಲಿ ಎಡಬದಿಯಿಂದ ಹಾರಿ ಹೊಡೆಯುವವಳು. ಅವಳಿಗೆ ಚೆಂಡು ಎತ್ತಿಕೊಡುವ ಲಿಫ್ಟರ್ ಯಾರು ಎಂದರೆ ಬಚ್ಚಣ್ಣನ ಮಗಳು ಅನ್ವಿತಾ. ಎರಡೂ ಹುಡುಗಿಯರು ಒಂದೇ ಬಸ್ಸು, ಒಂದೇ ಬೆಂಚು, ಒಂದೇ ಬಾಟಲಿ ನೀರು. ಮನೆಗೆ ಬಂದ ಅನ್ವಿತಾಳಿಗೆ ಸುಗುಣಕ್ಕ ಚಹಾ ಕೊಡುತ್ತಿದ್ದಳು. ಕೊಟ್ಟು, ಅವಳು ಮನೆಯಲ್ಲಿ ಏನೇನು ನೋಡುತ್ತಾಳೆ ಎಂಬುದನ್ನೂ ನೋಡುತ್ತಿದ್ದಳು.

ಇವರು ವರ್ಷವೂ ಆಡುವ ಹೆಣ್ಣುಮಕ್ಕಳ ವಾಲಿಬಾಲ್ ಚಾಂಪಿಯನ್‌ಶಿಪ್ ಶುರುವಾದದ್ದು ದೀಕ್ಷಾ ಇನ್ನೂ ತೊಟ್ಟಿಲಲ್ಲಿದ್ದಾಗ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಕಾಲೇಜುಗಳಿಗೆಂದು, ಮುಂಬಯಿಯಲ್ಲಿ ಹೋಟೆಲ್ ಮಾಡಿ ಗೆದ್ದ ಊರಿನವರೊಬ್ಬರು ಒಂದು ರೋಲಿಂಗ್ ಕಪ್ ಕೊಟ್ಟರು. ಮೊದಲ ವರ್ಷ ಕಂಬ ಸಿಗದೆ ನೆಟ್ಟನ್ನು ಎರಡು ತೆಂಗಿನ ಮರಕ್ಕೆ ಕಟ್ಟಿದ್ದರಂತೆ. ಆಟದ ನಡುವೆ ಒಂದು ಕಾಯಿ ಬಿದ್ದು, ಆ ಪಾಯಿಂಟ್ ಯಾರದ್ದು ಎಂದು ಜಗಳವಾಯಿತಂತೆ. ಗೆದ್ದ ಕಾಲೇಜಿನ ಹೆಸರನ್ನು ಹಿತ್ತಾಳೆ ತಗಡಿನಲ್ಲಿ ಕೊರೆಸಿ ಕಪ್ಪಿನ ಮರದ ಪೀಠಕ್ಕೆ ಹೊಡೆಯುವುದು ಪದ್ಧತಿ. ಅದರಲ್ಲಿ ಒಂದೆರಡು ತಗಡು ಕುಂದಾಪುರದ್ದು, ಉಳಿದದ್ದೆಲ್ಲ ಬ್ರಹ್ಮಾವರದ್ದು. ಕಪ್ ಒಮ್ಮೆಯೂ ಅರಾಟೆ ಸೇತುವೆ ದಾಟಿ ಬೈಂದೂರು ಕಡೆಗೆ ಬಂದದ್ದಿಲ್ಲ.

ಏಕೆ ಬಂದಿಲ್ಲ ಎಂಬುದಕ್ಕೆ ಸುಗುಣಕ್ಕನ ಬಳಿ ಬೇರೆಯೇ ಚರಿತ್ರೆ ಇತ್ತು. ಒಂದು ವರ್ಷ ಬೈಂದೂರಿನವರು ಗೆಲ್ಲುವ ಹೊತ್ತಿಗೆ ಮೈದಾನದ ಲೈಟು ಹೋಯಿತು. "ಹೋದದ್ದಲ್ಲ, ಕಳ್ಸಿದ್ದ್." ಇನ್ನೊಂದು ವರ್ಷ ಫೈನಲಿನ ದಿನ ಯಾರೋ ಪುಣ್ಯಾತ್ಮರು ಹುಡುಗಿಯರಿಗೆಲ್ಲ ಗಡ್‌ಬಡ್ ಐಸ್‌ಕ್ರೀಂ ತಿನ್ನಿಸಿದರು, ಅರ್ಧ ತಂಡಕ್ಕೆ ಹೊಟ್ಟೆ ಕೆಟ್ಟಿತು. "ಪುಕ್ಕಟೆ ತಿನ್ಸುವವ್ರ್ ಈ ಲೋಕದಲ್ಲಿ ಎಲ್ಲಿದ್ರ್?" ಹಾಗೆಂದು ಅವಳು ಒಂದು ಆಟವನ್ನಾದರೂ ಕೂತು ನೋಡಿದವಳಲ್ಲ. ಆಟದ ಹೊತ್ತಿಗೆ ಬುಟ್ಟಿ ತಲೆಯ ಮೇಲಿರುತ್ತಿತ್ತು.

ದೀಕ್ಷಾಳಿಗೆ ಇದು ಡಿಗ್ರಿಯ ಕೊನೆಯ ವರ್ಷ. ಫೈನಲ್ ಕುಂದಾಪುರದಲ್ಲಿ, ಬ್ರಹ್ಮಾವರದವರ ಎದುರು. "ಅಮ್ಮ, ಈ ಸಲ ಇಲ್ಲೆ ಅಂದ್ರೆ ನಂಗೆ ಮತ್ತೆ ಇಲ್ಲೆ. ಒಂದ್ ದಿನ ಮೀನ್ ಬಿಡ್," ಎಂದಳು ಮಗಳು. ಸುಗುಣಕ್ಕ ಬಿಟ್ಟಳು. ಆ ಕಪ್ ಮಗಳ ಕೈಯಲ್ಲಿ ಒಮ್ಮೆ ನೋಡಬೇಕು ಎಂಬ ಆಸೆ ಅವಳಿಗೂ ಇತ್ತು. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಯಾರಾದರೂ ತಪ್ಪಿಸಬಹುದಲ್ಲ.

ಮೈದಾನದಲ್ಲಿ ತಮ್ಮ ತಂಡದ ಬೆನ್ನ ಹಿಂದಿನ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ನಾಲ್ಕು ಕುರ್ಚಿ ಆಚೆ ಬಚ್ಚಣ್ಣ, ಕೈಯಲ್ಲಿ ನೆಲಗಡಲೆ ಪೊಟ್ಟಣ. ಆಟ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಸುಗುಣಕ್ಕನ ಕಣ್ಣು ನೆಟ್ಟಿನ ಹತ್ತಿರ ಸಿಕ್ಕಿಬಿತ್ತು. ಅಲ್ಲಿ ಅನ್ವಿತಾ ಎದುರಾಳಿಗಳ ಕಡೆ ಮುಖ ಮಾಡಿ ನಿಂತಿದ್ದಳು. ಬಲಗೈ ಬೆನ್ನ ಹಿಂದೆ. ಆ ಕೈಯಲ್ಲಿ ಎರಡು ಬೆರಳು.

ಮುಂದಿನ ಸರ್ವಿಸಿಗೆ ಒಂದು ಬೆರಳು. ಆಮೇಲೆ ಮೂರು. ಅವಳು ಮೆಲ್ಲಗೆ ತಿರುಗಿ ಬಚ್ಚಣ್ಣನನ್ನು ನೋಡಿದಳು. ಅವನು ಕಡಲೆ ಬಿಡಿಸುತ್ತ ಮಗಳ ಬೆನ್ನನ್ನೇ ನೋಡುತ್ತಿದ್ದ. ಬ್ರಹ್ಮಾವರದ ಆ ಕಾಲೇಜಿನ ಹಾಸ್ಟೆಲಿಗೆ ಮೀನು ಹಾಕುವವ ಯಾರು? ಇದೇ ಬಚ್ಚಣ್ಣ. ಅವರು ಸೋತು, ಬೇಸರದಲ್ಲಿ ಮೀನು ಬಿಟ್ಟರೆ ನಷ್ಟ ಯಾರಿಗೆ? ಸುಗುಣಕ್ಕನಿಗೆ ಎಲ್ಲ ಕನ್ನಡಿಯಷ್ಟು ಸ್ಪಷ್ಟವಾಯಿತು.

ಮೊದಲ ಸೆಟ್ ಬೈಂದೂರಿನವರೇ ಗೆದ್ದರು. ಬೇರೆಯವರಾಗಿದ್ದರೆ ಅಲ್ಲಿಗೆ ಸಂಶಯ ಬಿಡುತ್ತಿದ್ದರು. ಆದರೆ ಮೊದಲ ಬುಟ್ಟಿಯನ್ನು ಬಿಟ್ಟುಕೊಟ್ಟು, ಆಸೆ ಹುಟ್ಟಿಸಿ, ಎರಡನೆಯದರಲ್ಲಿ ಕೊರಳು ಹಿಡಿಯುವುದು ಬಚ್ಚಣ್ಣನ ಹಳೆಯ ಕ್ರಮ. ತಂಡಗಳು ಬದಿ ಬದಲಿಸಿದಾಗ ಅವಳೂ ಕುರ್ಚಿ ಎತ್ತಿಕೊಂಡು ಆ ಬದಿಗೆ ನಡೆದಳು. ಬಚ್ಚಣ್ಣನೂ ಬಂದ. "ಬತ್ತ ಕಾಣ್," ಎಂದುಕೊಂಡಳು. ಎರಡನೇ ಸೆಟ್ಟಿನಲ್ಲಿ ಅನ್ವಿತಾಳ ಕೈ ಬೆನ್ನಿಗೆ ಹೋದದ್ದೇ ತಡ, ಎದ್ದು ನಿಂತು ಬಂದರಿನ ಗಂಟಲನ್ನು ಬಿಟ್ಟಳು.

"ಹ್ವಾಯ್! ಎರಡ್ ಬೆರಳ್! ಎಲ್ಲರೂ ಕಾಣಿ, ಎರಡ್!"

"ಎಂತ ಮಾರಾಯ್ತಿ, ಇಲ್ಲೂ ಏಲಂ ಶುರು ಮಾಡ್ದ್ಯಾ?" ಎಂದ ಬಚ್ಚಣ್ಣ.

"ಶುರು ಮಾಡ್ದವ್ರ್ ಯಾರ್ ಅಂದೇಳಿ ನಂಗೆ ಗೊತ್ತಿತ್!"

ಮೂರು ಎಂದರೆ ಮೂರು, ಒಂದು ಎಂದರೆ ಒಂದು, ಒಂದನ್ನೂ ಬಿಡದೆ ಕೂಗಿದಳು. ಅಂಪೈರ್ ಎರಡು ಸಲ ಕೈಸನ್ನೆ ಮಾಡಿ ಕೂರಿಸಿದರು, ಎರಡು ಸಲವೂ ಎದ್ದಳು. ಬ್ರಹ್ಮಾವರದ ಹುಡುಗಿಯರು ಮೊದಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಕಿವಿ ಕೊಡತೊಡಗಿದರು. ದೀಕ್ಷಾ ಹಾರಿದಲ್ಲೆಲ್ಲ ಎದುರಿಗೆ ಆರು ಕೈಗಳ ಗೋಡೆ. ಸೆಟ್ ಹೋಯಿತು. "ಅಕಾ, ನಾ ಹೇಳಿದ್ದ್ ಆಯ್ತಾ ಇಲ್ಯಾ," ಎಂದು ಸುಗುಣಕ್ಕ ಅಕ್ಕಪಕ್ಕದವರಿಗೆ ಹೇಳುತ್ತಿದ್ದಾಗ, ದೀಕ್ಷಾ ಮೈದಾನದ ಅಂಚಿಗೆ ಕಟ್ಟಿದ ಹಗ್ಗದ ಹತ್ತಿರ ಓಡಿ ಬಂದಳು. ಕಣ್ಣಲ್ಲಿ ನೀರು.

"ಅಮ್ಮಾ, ನಿಂಗ್ ಎಂತ ಆಯ್ತೇ? ಆ ಬೆರಳ್ ತೋರ್ಸುದ್ ನಮ್ಗೆ. ಒಂದ್ ಅಂದ್ರೆ ಚೆಂಡ್ ನಡುವಿಗೆ, ಎರಡ್ ಅಂದ್ರೆ ನಂಗೆ, ಮೂರ್ ಅಂದ್ರೆ ಆಚೆ ಬದಿಗೆ. ಎದ್ರ್‌ನವ್ರಿಗೆ ಗೊತ್ತಾಪುಕಾಗ ಅಂದೇಳಿ ಬೆನ್ನ್ ಹಿಂದೆ ತೋರ್ಸುದ್. ನೀ ಅದ್ನ ಇಡೀ ಕುಂದಾಪ್ರಕ್ಕೇ ಕೂಗಿ ಹೇಳುದಾ? ನಮ್ಮನ್ನ್ ಮಾರ್ದವ್ಳ್ ನೀನೇ!"

ಇಷ್ಟು ವರ್ಷ ಕಪ್ ತಪ್ಪಿಸಿದ ಕೈಗಳನ್ನು ಹುಡುಕಿದ ಸುಗುಣಕ್ಕ, ಈ ವರ್ಷದ್ದು ತನ್ನದೇ ಬಾಯಿ ಎಂದು ತಿಳಿದು ಸೆರಗಿನಲ್ಲಿ ಅದನ್ನು ಮುಚ್ಚಿಕೊಂಡಳು.

ಅಷ್ಟರಲ್ಲಿ ಅನ್ವಿತಾ ಬಂದಳು. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಿಟ್ಟು ಕಾಣದ್ದೇ ಸುಗುಣಕ್ಕನಿಗೆ ಸರಿ ಬರಲಿಲ್ಲ.

"ಚಿಕ್ಕಮ್ಮ, ಇನ್ನೂ ಕೂಗಿ."

"ಎಂತಕೆ?"

"ಅದ್ ಮತ್ತೆ ಹೇಳ್ತೆ. ನನ್ ಬೆರಳ್ ಎಷ್ಟ್ ಕಾಂತೋ ಅಷ್ಟೇ ಕೂಗ್ಕ್. ಸುಳ್ಳ್ ಹೇಳುಕಾಗ."

ವಿಶಲ್ ಆಯಿತು. ಹುಡುಗಿಯರು ತಲೆಗೆ ತಲೆ ಕೊಟ್ಟು ಏನೋ ಪಿಸುಗುಟ್ಟಿ ಒಳಗೆ ಹೋದರು. ಸತ್ಯ ಹೇಳಿ ಎಂದು ಸುಗುಣಕ್ಕನನ್ನು ಕೇಳಿಕೊಂಡ ಗಿರಾಕಿ ಈವರೆಗೆ ಒಬ್ಬರೂ ಇರಲಿಲ್ಲ. ಇದರಲ್ಲಿ ಏನಿದೆ? ಕೂಗಿ ಸೋತರೆ ಕಾಯಂ ಆಗಿ ಅಪವಾದ ತನ್ನ ತಲೆಗೆ, ಬಚ್ಚಣ್ಣನ ಮಗಳು ಪರಿಶುದ್ಧ. ಬಚ್ಚಣ್ಣನ ಕಡೆ ನೋಡಿದಳು. ಅವನ ಕಡಲೆ ಮುಗಿದಿತ್ತು, ಪೊಟ್ಟಣದ ಕಾಗದವನ್ನು ಮಡಿಸುತ್ತಿದ್ದ. ಆ ಮುಖ ಓದುವುದಕ್ಕೆ ಬಂದಿದ್ದರೆ ಅವಳು ಗಂಗೊಳ್ಳಿಯಲ್ಲಿ ಯಾವತ್ತೋ ಬೋಟ್ ಕೊಳ್ಳುತ್ತಿದ್ದಳು.

ಮೂರನೆಯ, ಕೊನೆಯ ಸೆಟ್. ಕುರ್ಚಿ ಮತ್ತೆ ತಂಡದ ಬೆನ್ನಿಗೆ ಬಂತು. ಸುಗುಣಕ್ಕ ಬಾಯಿ ಬಿಡಲಿಲ್ಲ. ಬ್ರಹ್ಮಾವರದವರು ಮುಂದೆ ಹೋದರು. ಇನ್ನೆರಡು ಪಾಯಿಂಟ್ ಹಿಂದೆ ಬಿದ್ದರೆ ಮತ್ತೆ ಹಿಡಿಯುವುದು ಕಷ್ಟ ಎಂದು ಪಕ್ಕದವರು ಯಾರೋ ಹೇಳಿದರು. ಅನ್ವಿತಾ ಒಮ್ಮೆ ಕುತ್ತಿಗೆ ತಿರುಗಿಸಿ ಇವಳನ್ನು ನೋಡಿದಳು, ಅಷ್ಟೆ.

ಆಗ ಸುಗುಣಕ್ಕ ಬೆರಳು ಬಿಟ್ಟು ಮಗಳನ್ನು ನೋಡಿದಳು. ಚೆಂಡು ಇನ್ನೂ ಅನ್ವಿತಾಳ ಕೈ ತಲುಪಿರಲಿಲ್ಲ. ದೀಕ್ಷಾ ಆಗಲೇ ಓಡಿ ನೆಲ ಬಿಟ್ಟಿದ್ದಳು, ಗಾಳಿಯಲ್ಲಿ ಕೈ ಎತ್ತಿ, ಇನ್ನೂ ಬಾರದ ಚೆಂಡಿಗಾಗಿ. ಮಾಲು ಕಣ್ಣಿಗೆ ಬೀಳುವ ಮೊದಲೇ ಪೂರಾ ಮುಂಗಡ ಕೊಟ್ಟವಳ ಹಾಗೆ. ಸುಗುಣಕ್ಕ ಹೆತ್ತು ಸಾಕಿದ ಹುಡುಗಿ ಅದು, ಬಸ್ಸಿನ ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಎರಡು ಸಲ ಎಣಿಸುವವಳು. ಬಚ್ಚಣ್ಣನ ಮಗಳನ್ನು ನಂಬಿ ಕಾಲು ಕೆಳಗಿಲ್ಲದೆ ನಿಂತಿದ್ದಾಳೆ. ಮತ್ತು ಚೆಂಡು ಬಂತು, ಸರಿಯಾಗಿ ಅಂಗೈಗೇ.

ಮುಂದಿನ ಸಲ ಬೆನ್ನ ಹಿಂದೆ ಎರಡು ಬೆರಳು ಬಂದಾಗ ಸುಗುಣಕ್ಕ ಎದ್ದು ನಿಂತಳು.

"ಎರಡ್!"

ಬ್ರಹ್ಮಾವರದ ಗೋಡೆ ಇಡಿಯಾಗಿ ದೀಕ್ಷಾಳ ಎದುರಿಗೆ ಓಡಿತು. ದೀಕ್ಷಾ ಹಾರಿದಳು, ಕೈ ಬೀಸಿದಳು, ಆದರೆ ಚೆಂಡು ಅಲ್ಲಿರಲಿಲ್ಲ. ನಡುವಿನ ಹುಡುಗಿ ಖಾಲಿ ನೆಟ್ಟಿನ ಮೇಲಿಂದ ಅದನ್ನು ನಿಧಾನವಾಗಿ, ಎಲೆಗೆ ಉಪ್ಪು ಬಡಿಸಿದ ಹಾಗೆ, ಆಚೆ ಹಾಕಿದಳು.

ತಲೆಗೆ ತಲೆ ಕೊಟ್ಟಾಗ ಹುಡುಗಿಯರು ಬೆರಳಿನ ಲೆಕ್ಕವನ್ನೇ ಬದಲಿಸಿದ್ದಾರೆ ಎಂದು ಸುಗುಣಕ್ಕನಿಗೆ ಅರ್ಥವಾಗಲು ಇನ್ನೊಂದು ಪಾಯಿಂಟ್ ಬೇಕಾಯಿತು. ಅರ್ಥವಾದ ಮೇಲೆ ಅವಳ ಗಂಟಲಿಗೆ ಮೈದಾನ ಸಾಲಲಿಲ್ಲ. "ಒಂದ್! ಕಾಣಿ ಒಂದ್!" ಎಂದು ನಡುವಿಗೆ ಕರೆದಾಗ ಚೆಂಡು ಆಚೆ ಬದಿಗೆ. "ಮೂರ್!" ಎಂದಾಗ ದೀಕ್ಷಾಳಿಗೆ. ಕಂಡದ್ದನ್ನು ಕಂಡ ಹಾಗೆ ಹೇಳಿ ಇಷ್ಟು ಲಾಭ ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಬ್ರಹ್ಮಾವರದವರು ಕಿವಿ ಮುಚ್ಚಿಕೊಂಡು ಆಡಲು ಕಲಿಯುವ ಹೊತ್ತಿಗೆ ಸೆಟ್ ಮುಗಿದಿತ್ತು.

ಕಪ್ ಅರಾಟೆ ಸೇತುವೆ ದಾಟಿದ್ದು ಸುಗುಣಕ್ಕನ ಮಡಿಲಲ್ಲಿ. ಬೇರೆ ಯಾರ ಕೈಗೂ ಅವಳು ಕೊಡಲಿಲ್ಲ. ತಿರುಗಿಸಿ, ಉಗುರಿನಲ್ಲಿ ತಟ್ಟಿ, ಪೀಠದಲ್ಲಿ ಹೊಸ ತಗಡಿಗೆ ಜಾಗ ಇದೆಯೇ ಎಂದು ಬೆರಳು ಓಡಿಸಿದಳು. ಇತ್ತು. ಬಸ್ಸಿನ ಹಿಂದಿನ ಸೀಟಿನಲ್ಲಿ ದೀಕ್ಷಾ ಮತ್ತು ಅನ್ವಿತಾ ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು.

"ಆ ಬುದ್ಧಿ ನಿಂಗೆ ಯಾರ್ ಕಲ್ಸಿದ್ದ್ ಹೆಣ್ಣೇ?" ಎಂದು ನಾವುಂದದಲ್ಲಿ ಇಳಿಯುವಾಗ ಕೇಳಿದಳು.

ಅನ್ವಿತಾ ಕಣ್ಣುಜ್ಜಿ, "ನಮ್ ಅಪ್ಪಯ್ಯ ಮನೆಯಲ್ಲಿ ಯಾವಾಗ್ಳೂ ಹೇಳ್ತ್ರ್ ಚಿಕ್ಕಮ್ಮ. ಕೂಗುವವ್ರ್ ಒಬ್ರ್ ಇದ್ರೆ ಒಳ್ಳೇದೇ ಅಂಬ್ರ್," ಎಂದಳು.

ಮರುದಿನ ಬೆಳಿಗ್ಗೆ ಬಂದರಿನಲ್ಲಿ ಹೊಳೆಯುವ ಬಂಗುಡೆಯ ಬುಟ್ಟಿಯೊಂದು ಏಲಂಗೆ ಬಂತು. ಬಚ್ಚಣ್ಣ ಎಂದಿನಂತೆ ಕೈ ಹಿಂದೆ ಕಟ್ಟಿ ನಿಂತಿದ್ದ. ಸುಗುಣಕ್ಕ ಎಂದಿನಂತೆ ಅವನ ಬೆನ್ನಿಗೆ. ಎರಡು ಬೆರಳು ಹೊರಬಂದವು. ಅವಳು ಉಸಿರೆಳೆದುಕೊಂಡು ಬಾಯಿ ತೆರೆದಳು. ತೆರೆದ ಬಾಯಿ ಹಾಗೆಯೇ ನಿಂತಿತು. ಎರಡು ಎಂದರೆ ಎರಡೇ ಹೌದೇ, ಇಲ್ಲ ಮಗಳ ಬೆರಳಿನ ಹಾಗೆ ಇವನದ್ದೂ ತನ್ನನ್ನು ಕೂಗಿಸಲೆಂದೇ ಹೊರಬರುವುದೇ? ಇಷ್ಟು ವರ್ಷ ತಾನು ಕೂಗಿದ್ದೆಲ್ಲ ಯಾರ ಲಾಭಕ್ಕೆ? ಅಷ್ಟರಲ್ಲಿ ಎದುರಿನ ಬುಟ್ಟಿ ಯಾರ ಪಾಲಿಗೋ ಹೋಗುತ್ತಿತ್ತು.

ಬಚ್ಚಣ್ಣ ತಿರುಗದೆಯೇ ಕೇಳಿದ: "ಎಂತ ಸುಗುಣ, ಇವತ್ತ್ ಕೂಗುದಿಲ್ಯಾ?"