ಹಂಡೆಯಲ್ಲಿ ಅಳೆದ ಗಾಡಿಯ ನೆಲ

ನಮ್ಮ ಪಿಕಪ್ ಗಾಡಿಯ ನೆಲ ಹಾಳಾದದ್ದು ಸಾಂಬಾರಿನಿಂದ. ಮಗ ಸದಾನಂದ ಕೇಳಿದವರಿಗೆಲ್ಲ ಸಮುದ್ರದ ಖಾಡಿಯ ಉಪ್ಪುಗಾಳಿ ಎನ್ನುತ್ತಾನೆ, ಸೊಸೆ ಶಶಿಕಲಾ ತಪ್ಪನ್ನು ರಸ್ತೆಯ ಹೊಂಡಗಳ ಮೇಲೆ ಹಾಕುತ್ತಾಳೆ. ಗಾಳಿ ಎಲ್ಲರ ಗಾಡಿಗೂ ಬೀಸುತ್ತದೆ, ಹೊಂಡಕ್ಕೆ ಎಲ್ಲರೂ ಬೀಳುತ್ತಾರೆ. ಹುಳಿ, ಉಪ್ಪು, ಬೆಲ್ಲ ಹಾಕಿ ಕುದಿಸಿದ್ದನ್ನು ವರ್ಷಗಟ್ಟಲೆ ಮೈಮೇಲೆ ಚೆಲ್ಲಿಸಿಕೊಂಡದ್ದು ನಮ್ಮ ಗಾಡಿ ಒಂದೇ. ಆ ಸಾಂಬಾರು ಕಬ್ಬಿಣವನ್ನೇ ತಿಂದಿತು. ಉಂಡವರು ಮಾತ್ರ ಇನ್ನೊಂದು ಸೌಟು ಹಾಕಿ ಎನ್ನುತ್ತಾರೆ, ಅವರ ಹೊಟ್ಟೆಯ ವಿಚಾರ ನನಗೆ ಗೊತ್ತಿಲ್ಲ.

ಉಡುಪಿ ಕಡೆಯಿಂದ ಬಂದು ಮುಂಬೈ ಪಕ್ಕದ ಡೊಂಬಿವ್ಲಿಯಲ್ಲಿ ನೆಲೆಯಾದ ಅಡುಗೆಯವರು ನಾವು. ಠಾಣೆಯಿಂದ ಸೀವುಡ್ಸ್‌ವರೆಗೆ ನಮ್ಮ ಜನ ಎಲ್ಲಿ ಎಲೆ ಹಾಕಿದರೂ, ಮದುವೆಯಿರಲಿ, ಮುಂಜಿಯಿರಲಿ, ಹಂಡೆಗಳು ಹೋಗುವುದು ಈ ಗಾಡಿಯಲ್ಲಿ. ನನ್ನ ಗಂಡ ಇದನ್ನು ಕೊಂಡಾಗಲೇ ಅದು ಎರಡನೆಯವರ ಕೈಗೆ ಬಂದ ಮಾಲು. ಈಗ ಸಿಗ್ನಲ್ಲಿನಲ್ಲಿ ನಿಂತರೆ ಬೈಕಿನ ಹುಡುಗರು ಮೊಬೈಲು ತೆಗೆದು ಫೋಟೋ ಹೊಡೆಯುತ್ತಾರೆ, ‘ವಿಂಟೇಜ್’ ಎನ್ನುತ್ತಾರೆ. ಹಳೆಯದಾದ ಗಾಡಿಗೆ ಅಷ್ಟು ಒಳ್ಳೆಯ ಹೆಸರು. ಹಳೆಯದಾದ ಹೆಂಗಸಿಗೆ ‘ಅಮ್ಮ, ನೀವು ಕೂತಿರಿ’ ಅಷ್ಟೆ.

ಕೂತಿರುವುದು ನನಗೂ ಇಷ್ಟವೇ, ಆದರೆ ಗಾಡಿಯ ಮುಂದಿನ ಸೀಟಿನಲ್ಲಿ. ಸದಾನಂದ ಓಡಿಸುತ್ತಾನೆ, ಪಕ್ಕದಲ್ಲಿ ನಾನು. ಈಗ ನಾನು ಅಡುಗೆ ಮಾಡುವುದಿಲ್ಲ. ಸಮಾರಂಭದ ಹಾಲಿಗೆ ಹೋಗಿ ಉಪ್ಪು ನೋಡುತ್ತೇನೆ, ಬೈಯುತ್ತೇನೆ. ಎರಡಕ್ಕೂ ಅನುಭವ ಬೇಕು.

ಕಳೆದ ತಿಂಗಳು ಸಾನಪಾಡಾದ ಒಂದು ಸೀಮಂತಕ್ಕೆ ಹೋದಾಗ ಹಾಲಿನ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಹಿಂದೆ ಹೋಗಿ ನೋಡಿದರೆ ಒಂದು ಹಂಡೆ ಗಿಡ್ಡವಾಗಿತ್ತು. ನೆಲ ತೂತಾಗಿ ಅದು ಸೊಂಟದವರೆಗೆ ಕೆಳಗಿಳಿದು ಕುಳಿತಿತ್ತು. ಸಾಂಬಾರು ಒಂದು ಹನಿ ಚೆಲ್ಲಿರಲಿಲ್ಲ. ಆ ಒಂದೇ ದಿನ ಚೆಲ್ಲದೆ ಉಳಿದದ್ದು.

ಸದಾನಂದ ಮಾತ್ರ ಹೆದರಿದ. “ಸಾಕಮ್ಮ. ನಡು ದಾರಿಯಲ್ಲಿ ಬಿದ್ದಿದ್ದರೆ ಎಂತ ಗತಿ? ಇನ್ನು ಬಾಡಿಗೆ ಟೆಂಪೋ ಮಾಡುವ. ಇದನ್ನು ಭಂಗಾರಕ್ಕೆ ಕೊಡುವ.” ಇಲ್ಲಿ ಭಂಗಾರ ಎಂದರೆ ಗುಜರಿ, ಚಿನ್ನವಲ್ಲ.

“ಟೆಂಪೋದಲ್ಲಿ ನಾನು ಎಲ್ಲಿ ಕೂರುದು?” ಎಂದು ಕೇಳಿದೆ.

“ಮುಂದೆ ಅವರ ಡ್ರೈವರು, ಕ್ಲೀನರು ಇರ್ತಾರೆ. ನಾನೇ ಬೈಕಿನಲ್ಲಿ ಬರಬೇಕು. ನೀವು ಮನೆಯಲ್ಲಿ ಆರಾಮ ಇರಿ.”

ಆರಾಮ ಎಂದರೆ ಏನೆಂದು ನಮ್ಮ ಬಿಲ್ಡಿಂಗಿನಲ್ಲಿ ನೋಡಿದ್ದೇನೆ. ಟಿವಿಯ ಮುಂದೆ ಕುರ್ಚಿ, ಕುರ್ಚಿಯ ಮೇಲೆ ದಿಂಬು, ದಿಂಬಿನ ಮೇಲೆ ಒಬ್ಬಳು ಮುದುಕಿ. ಹಾಗಾಗಿ ಗಾಡಿಯ ನೆಲದ ಬಗ್ಗೆ ನನಗೆ ಹುಟ್ಟಿದ ಪ್ರೀತಿಯನ್ನು ಯಾರೂ ತಪ್ಪು ತಿಳಿಯಬಾರದು. ಅದು ಸೀಟಿನ ಮೇಲಿನ ಪ್ರೀತಿ.

ಕಲ್ಯಾಣ ರಸ್ತೆಯಲ್ಲಿ ವೆಲ್ಡಿಂಗ್ ಶೆಡ್ ಇಟ್ಟಿರುವ ವಿಜಯಪುರದ ಮಲ್ಲಪ್ಪನನ್ನು ಕರೆಸಿದೆ. ಅವನು ಗಾಡಿಯ ಕೆಳಗೆ ನುಗ್ಗಿ ಹೊರಗೆ ಬಂದು, “ಆಯೀ, ಮೈ ಗಟ್ಟಿ ಐತ್ರಿ. ನೆಲ ಅಷ್ಟ ಹೋಗೇತಿ. ಹೊಸಾ ಮಾಡೆಲ್ಲಿಂದು ನೆಲ ಭಂಗಾರದಾಗ ಸಿಕ್ರ ತರ್ರಿ, ಕೂಡಸ್ತೀನಿ. ಅಳತಿ ಮಾತ್ರ ಸರಿ ಇರ್ಬೇಕ ನೋಡ್ರಿ” ಎಂದ. ಸದಾನಂದ ಒಪ್ಪಿದ, ಒಂದು ಮಾತಿನ ಮೇಲೆ: ಭಾನುವಾರ ಸೀವುಡ್ಸಿನಲ್ಲಿ ಉಪನಯನ, ಅಷ್ಟರೊಳಗೆ ಆಗದಿದ್ದರೆ ಗಾಡಿ ಭಂಗಾರಕ್ಕೆ.

ಅಳತೆಗೆ ನಮ್ಮಲ್ಲೇನು ಬರ? ನಾನು ಓದಿದ್ದು ಮೂರನೇ ಕ್ಲಾಸು, ಆದರೂ ಅಂಕಿ ಗೊತ್ತು. ಗೊತ್ತಿದ್ದರೂ ಅಡುಗೆಯವರ ಮನೆಯಲ್ಲಿ ಎಲ್ಲವನ್ನೂ ಅಳೆಯುವುದು ಹಂಡೆಯಿಂದ. ಮದುವೆ ಹಾಲಿನ ಅಡುಗೆಕೋಣೆ ಎಷ್ಟು ದೊಡ್ಡದೆಂದರೆ ಆರು ಹಂಡೆಯದ್ದು ಎನ್ನುತ್ತೇವೆ. ಈಗಿನ ಫ್ಲ್ಯಾಟು ಕೊಳ್ಳುವಾಗ ಬಿಲ್ಡರನ ಕಡೆಯವನು ಸ್ಕ್ವೇರ್ ಫುಟ್ಟಿನ ಲೆಕ್ಕ ಹೇಳುತ್ತಲೇ ಇದ್ದ. ನನ್ನ ಗಂಡ ಕೆಳಗಿನಿಂದ ದೊಡ್ಡ ಹಂಡೆ ತರಿಸಿ ಬಾಗಿಲಲ್ಲಿ ನುಗ್ಗಿಸಿ ನೋಡಿ, ಆಗಬಹುದು ಎಂದರು. ಒಳಕೋಣೆಯಲ್ಲಿ ನಮ್ಮ ಮಂಚ ಹಿಡಿಯುವುದಿಲ್ಲವೆಂದು ತಿಳಿದದ್ದು ಸಾಮಾನು ಬಂದ ಮೇಲೆ. ಆದರೂ ಬುದ್ಧಿ ಬರಲಿಲ್ಲ. ಹಂಡೆ ಮನೆಯೊಳಗೆ ಬಂದಿತಲ್ಲ ಎಂಬ ಸಮಾಧಾನ.

ಗಾಡಿಯ ಅಳತೆ ಅಡ್ಡಕ್ಕೆ ಮೂರು ಹಂಡೆ. ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಮೂರು ಹಂಡೆಗಳನ್ನು ತೂತು ಬಿಟ್ಟು ಆಚೀಚೆ ಇಟ್ಟುಕೊಂಡು ಮುಂಬ್ರಾಕ್ಕೆ ಹೋದೆವು. ಅಲ್ಲೊಂದು ಭಂಗಾರದ ಅಂಗಡಿಯಲ್ಲಿ, ಎಲ್ಲೋ ಗುದ್ದಿ ಮೂತಿ ಕಳೆದುಕೊಂಡ ಹೊಸ ಪಿಕಪ್ಪಿನ ಹಿಂದಿನ ನೆಲ ಸಿಕ್ಕಿತು. ಅದರ ಮೇಲೆ ಹಂಡೆಗಳನ್ನು ಹೊಟ್ಟೆಗೆ ಹೊಟ್ಟೆ ತಾಗಿಸಿ ಸಾಲಾಗಿ ನಿಲ್ಲಿಸಿದೆವು. ಅಂಚಿಗೆ ಅಂಚು ಸರಿ. ಅಂಗಡಿಯವನು ಕೈಕಟ್ಟಿ ನಿಂತು ನೋಡುತ್ತಿದ್ದ. “ಮೌಸಿ, ಪತ್ರಾ ಲೇನೇ ಆಯೀ ಹೋ ಯಾ ಬಿರ್ಯಾನಿ ಪಕಾನೇ?” ಎಂದ. ತಗಡು ಒಯ್ಯಲು ಬಂದವರು ಅಡುಗೆಗೆ ನಿಂತ ಹಾಗೆ ಅವನಿಗೆ ಕಂಡಿರಬೇಕು. ಸಾಂಬಾರಿನವರು ಎಂದು ಹೇಳಿ ನೆಲ ಹೊರಿಸಿಕೊಂಡು ಬಂದೆವು.

ಶನಿವಾರ ಮಲ್ಲಪ್ಪ ಹಳೆಯ ನೆಲ ಕಿತ್ತು ಹೊರಗೆ ಹಾಕಿದ. ಸದಾನಂದ ಅದನ್ನೇ ನೋಡುತ್ತಾ, “ಅಪ್ಪ ನಿಂತ ನೆಲ” ಎಂದ. ನಿನ್ನಪ್ಪ ಅದರ ಮೇಲೆ ನಿಂತದ್ದು ಕಡಿಮೆ, ಹಂಡೆ ಏರಿಸುವವರನ್ನು ಬೈಯುತ್ತಾ ಕೆಳಗೆ ನಿಂತದ್ದೇ ಹೆಚ್ಚು ಎಂದು ನೆನಪಿಸಿದೆ. ಅವನು ನಗಲಿಲ್ಲ, ಆದರೆ ನೆಲವನ್ನು ನೋಡುವುದು ಬಿಟ್ಟ.

ಹೊಸ ನೆಲ ಎತ್ತಿ ಇಟ್ಟರೆ ಕೆಳಗೆ ಇಳಿಯಲೊಲ್ಲದು. ಎರಡು ಕಡೆಗೂ ನಾಲ್ಕು ನಾಲ್ಕು ಬೆರಳು ಹೆಚ್ಚು. ಮಲ್ಲಪ್ಪ ಗಾಡಿಯನ್ನು ನೋಡಿದ, ಹಂಡೆಯನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ.

“ಆಯೀ, ನೀವು ಹಂಡೇದು ಹೊಟ್ಟಿ ಅಳದೀರಿ. ಬುಡಾ ಅಳದಿಲ್ರಿ.”

ಸಂಗತಿ ಇಷ್ಟೆ. ಹಳೆಯ ಗಾಡಿಯ ಪಕ್ಕದ ಗೋಡೆಗಳು ನೆಟ್ಟಗಿಲ್ಲ, ಮೇಲೆ ಹೋದಂತೆ ಹೊರಗೆ ವಾಲಿವೆ. ನೆಲ ಸಣ್ಣದಾದರೂ ಹಂಡೆಯ ಹೊಟ್ಟೆಗೆ ಮೇಲೆ ಜಾಗ ಸಿಗುತ್ತಿತ್ತು. ಹೊಸ ಗಾಡಿಯ ಗೋಡೆ ನೆಟ್ಟಗೆ, ನೆಲವೇ ಹೊಟ್ಟೆಯಷ್ಟು ಅಗಲ. ಹೊಟ್ಟೆ ದೊಡ್ಡದು, ಬುಡ ಸಣ್ಣದು ಎಂದು ದಿನವೂ ಹಂಡೆ ತಿಕ್ಕಿದವಳಿಗೆ ಹೊಳೆಯಲಿಲ್ಲ. ಸದಾನಂದನಿಗೂ ಹೊಳೆಯಲಿಲ್ಲ, ಅವನು ಬಿ.ಕಾಂ.

“ಕಟ್ ಮಾಡು ಮಾರಾಯ” ಎಂದ ಅವನು.

“ಕೊಯ್ದ್ರ ಅಂಚಿನ ಬಲ ಹೋಗ್ತೈತ್ರಿ ಸಾಹೇಬ್ರ. ಗಾಡೀದ ಪಕ್ಕಾ ಬಿಚ್ಚಿ ಅಗಲ ಮಾಡೂಣು. ಮುಂದಿನ ವಾರ ಬರ್ರಿ.”

ಸದಾನಂದ ಮೊಬೈಲು ತೆಗೆದ. “ನಾಳೆಗೆ ಟೆಂಪೋ ಹೇಳ್ತೇನೆ.”

“ಹೇಳಬೇಡ” ಎಂದೆ. ಆಮೇಲೆ ಏನು ಹೇಳುವುದೆಂದು ಗೊತ್ತಿರಲಿಲ್ಲ. ಇಬ್ಬರೂ ಕಾಯುತ್ತಿದ್ದರು, ಏನಾದರೂ ಹೇಳಲೇಬೇಕಾಯಿತು. “ಹೆಚ್ಚಿದ್ದನ್ನು ಮೇಲಕ್ಕೆ ಮಡಿಸು.”

ಇದು ಬುದ್ಧಿವಂತಿಕೆಯಲ್ಲ. ಲಂಗ ಉದ್ದವಾದರೆ ಮಡಿಸಿ ಹೊಲಿಯುವುದು ಯಾವ ಹೆಂಗಸಿಗೂ ಗೊತ್ತು. ಮಲ್ಲಪ್ಪ ತಲೆ ಕೆರೆದುಕೊಂಡ. “ಮಡಸಬಹುದ್ರಿ. ಬಾಜೂಕ ಮಷೀನ್ ಐತಿ. ಆದ್ರ ಚೆಂದ ಕಾಣಂಗಿಲ್ಲ.”

“ನಾನು ಚಂದ ಕಾಣ್ತೇನಾ? ಕೆಲಸ ನಡೀತದಲ್ಲ.”

ಪಕ್ಕದ ಅಂಗಡಿಯ ಮಷೀನಿನಲ್ಲಿ ಎರಡೂ ಅಂಚು ಮಡಿಸಿದರು. ಮಡಿಸಿದ್ದು ಗಾಡಿಯ ವಾಲಿದ ಗೋಡೆಗೆ ಒರಗಿ ಊಟದ ಬಟ್ಟಲಿನ ಅಂಚಿನ ಹಾಗೆ ಮೇಲೆದ್ದು ನಿಂತಿತು. ನೆಲವೂ ಗೋಡೆಯೂ ಸೇರುವ ಸಂದಿ ಮುಚ್ಚಿಹೋಯಿತು. ಹಿಂದೆ ಸಾಂಬಾರು ಇಳಿದು ಕೂರುತ್ತಿದ್ದದ್ದು ಆ ಸಂದಿಯಲ್ಲೇ. ಹಿಂಬದಿಗೆ ಒಂದು ತೂತು ಬಿಡಿಸಿದೆ, ಚೆಲ್ಲಿದ್ದು ಹರಿದುಹೋಗಲಿ ಎಂದು. ಸಾಂಬಾರು ಚೆಲ್ಲದ ಹಾಗೆ ಮಾಡಲು ನಮ್ಮ ಮನೆಯಲ್ಲಿ ಯಾರಿಗೂ ಸಾಧ್ಯವಿಲ್ಲ, ಹೋಗುವ ದಾರಿಯನ್ನಾದರೂ ಮಾಡಿಕೊಡಬಹುದು. ಮಲ್ಲಪ್ಪ ಈಗ ಬಂದವರಿಗೆಲ್ಲ ಇದು ತನ್ನ ಡಿಸೈನು ಎನ್ನುತ್ತಾನಂತೆ. ಹೇಳಿಕೊಳ್ಳಲಿ, ವೆಲ್ಡಿಂಗು ಅವನದ್ದೇ.

ಮೈ ಹಳೆಯದು, ನೆಲ ಹೊಸದು, ಇಂಜಿನ್ನು ನಡುವೆ ಒಮ್ಮೆ ಬಿಚ್ಚಿ ಕಟ್ಟಿದ್ದು. ಹಾಗಾದರೆ ಇದು ಮಾವ ಕೊಂಡ ಅದೇ ಗಾಡಿಯೋ, ಬೇರೆಯೋ ಎಂದು ಶಶಿಕಲಾ ಕೇಳಿದಳು. ಇಂಥದ್ದನ್ನು ಓದಿದವರು ಯೋಚಿಸಬೇಕು. ನನ್ನ ಬಾಯಲ್ಲೂ ಹುಟ್ಟಿದಾಗಿನ ಹಲ್ಲಿಲ್ಲ, ಊಟಕ್ಕೆ ಕರೆಯುವಾಗ ಯಾರೂ ಅದನ್ನು ಕೇಳುವುದಿಲ್ಲ.

ಭಾನುವಾರ ಬೆಳಿಗ್ಗೆ ಸೊಸೆ ಗಾಡಿಗೆ ಅರಿಸಿನ ಕುಂಕುಮ ಹಚ್ಚಿ, ಮುಡಿಸಲು ಹೂವು ಹುಡುಕುತ್ತಿದ್ದಳು. ನಾನು ಒಂದು ಬಾಲ್ದಿ ನೀರು ತೆಗೆದುಕೊಂಡು ಹೋಗಿ ಹೊಸ ನೆಲದ ಮೇಲೆ ಸುರಿದೆ. ನೀರು ಅಂಚಿಗೆ ಬಡಿದು ತಿರುಗಿ, ಹಿಂದಕ್ಕೆ ಹರಿದು, ತೂತಿನಲ್ಲಿ ಇಳಿದುಹೋಯಿತು. ಬಾಲ್ದಿಯನ್ನು ಅಲ್ಲೇ ಬಿಟ್ಟು ಮುಂದೆ ಬಂದು ಸೀಟು ಹತ್ತಿ ಕುಳಿತೆ.

ಸದಾನಂದ ಮೊದಲ ಹಂಡೆ ಹೊತ್ತು ಬಂದವನು ಕಿಟಕಿಯಲ್ಲಿ ನೋಡಿದ. “ಅಮ್ಮ, ಇನ್ನೂ ಪಾತ್ರೆ ಏರಿಸಲಿಲ್ಲ.”

“ಏರಿಸು, ನಾನು ಬೇಡ ಅಂದೆನಾ?” ಎಂದು ಬಾಗಿಲು ಹಾಕಿಕೊಂಡೆ.