ಕೇಳದೇ ಹಾಕಿದ ಒಂದು ಟಿಕ್

ಹೋದ ವರ್ಷದ ಹಿಂದಿನ ವರ್ಷ, ಸಂಕ್ರಾಂತಿ ಕಳೆದ ಮೇಲಿನ ಮೊದಲ ಭಾನುವಾರ ನಡೆದದ್ದು ಇದು. ಆ ವರ್ಷದ ಡೈರಿ ಈಗ ನನ್ನ ಮುಂದೆಯೇ ಇದೆ. ಆದರೆ ಅದನ್ನು ನಂಬಿ ಬರೆಯುವ ಹಾಗಿಲ್ಲ. ಆ ದಿನದ ಪುಟದಲ್ಲಿ ನಾನು ಬರೆದಿರುವ ಒಂದು ವಾಕ್ಯ ಸುಳ್ಳು. ಬರೆಯುವಾಗ ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಅಥವಾ, ಗೊತ್ತಿರಲಿಲ್ಲ ಎಂದು ಈಗ ಅಂದುಕೊಂಡಿದ್ದೇನೆ.

ನಾನಿರುವುದು ವಿಜಯನಗರದಲ್ಲಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹವ್ಯಾಸಿ ರೇಡಿಯೋ ನನ್ನ ಹುಚ್ಚು. ಪರೀಕ್ಷೆ ಬರೆದು, ಸರ್ಕಾರದ ಪರವಾನಗಿ ಪಡೆದು, ಅಂಗೈ ಅಗಲದ ಸೆಟ್ಟಿನಲ್ಲಿ ಪರಸ್ಪರ ಮಾತಾಡಿಕೊಳ್ಳುವ ನಮ್ಮಂಥವರದೊಂದು ಸಣ್ಣ ಕ್ಲಬ್ ಇದೆ. ಮೊದಲು ನಮಗಿದ್ದದ್ದು ಒಂದೇ ರಿಪೀಟರ್. ಎತ್ತರದ ಕಟ್ಟಡವೊಂದರ ತಾರಸಿಯಲ್ಲಿ ಕೂತು, ನಮ್ಮ ಸಣ್ಣ ಸೆಟ್ಟುಗಳ ದನಿಯನ್ನು ಹಿಡಿದು ದೂರದೂರಕ್ಕೆ ಮತ್ತೆ ಬಿಡುವ ಯಂತ್ರ ಅದು. ಅದರಲ್ಲಿ ಒಬ್ಬರ ಮಾತು ಎಲ್ಲರಿಗೂ ಕೇಳುತ್ತಿತ್ತು. ರಾಜಾಜಿನಗರದವರು ಕೆಮ್ಮಿದರೆ ಕೆಂಗೇರಿಯವರು "ಏನ್ಸಾರ್, ಹುಷಾರಿಲ್ವಾ?" ಅನ್ನುತ್ತಿದ್ದರು.

ಆಮೇಲೆ ಟ್ರಂಕಿಂಗ್ ವ್ಯವಸ್ಥೆ ಬಂತು. ಅದನ್ನು ತಂದವರಲ್ಲಿ ನಾನೂ ಒಬ್ಬಳು. ಇದರಲ್ಲಿ ಹಲವು ಚಾನೆಲ್ಲುಗಳು ಒಟ್ಟಿಗಿರುತ್ತವೆ. ಯಾರಾದರೂ ಸೆಟ್ಟಿನ ಗುಂಡಿ ಒತ್ತಿದರೆ ಕಂಪ್ಯೂಟರ್ ಖಾಲಿ ಇರುವ ಚಾನೆಲ್ ಹುಡುಕಿ ಕೊಡುತ್ತದೆ. 'ಟಿಟಿಟಿಟ್' ಎಂದು ಸದ್ದು ಬಂದರೆ ಮಾತಾಡಬಹುದು ಎಂದರ್ಥ. ಆ ಮಾತು ಎಲ್ಲರಿಗೂ ಹೋಗುವುದಿಲ್ಲ, ಅವರವರ ಗುಂಪಿಗೆ ಮಾತ್ರ. ಪ್ರತಿ ಗುಂಪಿಗೂ ಒಂದು ನಂಬರು. ಆ ನಂಬರನ್ನು ಕೇಬಲ್ ಹಾಕಿ ಕಂಪ್ಯೂಟರಿನಿಂದ ಸೆಟ್ಟಿಗೆ ತುಂಬಬೇಕು. ಒಂದಕ್ಕಿಂತ ಹೆಚ್ಚು ಗುಂಪು ಇದ್ದರೆ ಸೆಟ್ಟಿನ ಮೇಲಿನ ನಾಬ್ ತಿರುಗಿಸಿ ಬದಲಿಸಿಕೊಳ್ಳಬಹುದು. ಕ್ಲಬ್ಬಿನ ಎಲ್ಲ ಸೆಟ್ಟುಗಳಿಗೂ ನಂಬರು ತುಂಬುವ ಕೆಲಸ ನನ್ನದಾಗಿತ್ತು.

ಇದು ಇಷ್ಟವಾಗದಿದ್ದದ್ದು ಗಂಗಾಧರಪ್ಪನವರಿಗೆ ಮಾತ್ರ. ಮಲ್ಲತ್ತಹಳ್ಳಿ ಊರಿನವರು, ಅರವತ್ತು ದಾಟಿದವರು, ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದರು. ಎಲ್ಲರೂ ಗಂಗಣ್ಣ ಅನ್ನುತ್ತಿದ್ದೆವು. ನಾನು ಲಂಗ ತೊಡುತ್ತಿದ್ದ ಕಾಲಕ್ಕೇ ಅವರು ರೇಡಿಯೋ ಕಟ್ಟಿದ್ದರು. ಹೊಸ ವ್ಯವಸ್ಥೆ ತೋರಿಸಿದ ದಿನ ಅವರು ಕೇಳಿದರು:

"ಮೇಡಂ, ಈ ಟಿಟಿಟಿಟ್ ಅಂತದಲ್ಲ, ಯಾರೋ ಕೇಳಿಸ್ಕೊಂಡ್ರು ಅಂತಾನಾ?"

"ಇಲ್ಲ ಗಂಗಣ್ಣ, ಚಾನೆಲ್ ಸಿಕ್ತು, ಮಾತಾಡಿ ಅಂತ."

"ಅಂಗಾರೆ ಆ ಕಡೆ ಒಬ್ರೂ ಇಲ್ದಿದ್ರೂ ಮಾತಾಡು ಅಂತದಾ?"

ನಮ್ಮ ಕಾರ್ಯದರ್ಶಿ ಪ್ರಸನ್ನ ನಕ್ಕ. "ಮನೇಲಿ ನಿಮ್ಮ ಮಾತು ಯಾರೂ ಕೇಳಿಸ್ಕೊಳ್ದಿದ್ರೂ ನೀವು ಮಾತಾಡಲ್ವಾ ಗಂಗಣ್ಣ? ಹಂಗೇ ಇದೂನೂ." ಎಲ್ಲರೂ ನಕ್ಕರು. ನಾನೂ ನಕ್ಕೆ. ಗಂಗಣ್ಣನೂ ನಕ್ಕರು ಎಂದು ನೆನಪು. ಆದರೆ ನನ್ನ ನೆನಪಿನಲ್ಲಿ ಎಲ್ಲರೂ ನನಗೆ ಅನುಕೂಲವಾಗುವ ಹಾಗೆಯೇ ನಗುತ್ತಿರುತ್ತಾರೆ.

ಆ ಭಾನುವಾರ ಬಡಾವಣೆಗಳ ಸಂಘದವರು ಒಂದು ಓಟ ಇಟ್ಟುಕೊಂಡಿದ್ದರು. ಅತ್ತಿಗುಪ್ಪೆಯ ಮೈದಾನದಿಂದ ಹೊರಟು ನಾಗರಬಾವಿಯ ಮೇಲೆ ಹೋಗಿ ಮಲ್ಲತ್ತಹಳ್ಳಿ ಕೆರೆ ಸುತ್ತಿ ವಾಪಸು ಬರುವುದು. ದಾರಿಯ ಹನ್ನೊಂದು ಕಡೆ ನಮ್ಮವರು ಸೆಟ್ ಹಿಡಿದು ನಿಲ್ಲಬೇಕು, ಯಾರಾದರೂ ಬಿದ್ದರೆ ಮೈದಾನದಲ್ಲಿ ಕೂತ ನನಗೆ ಹೇಳಬೇಕು, ನಾನು ಪಕ್ಕದಲ್ಲೇ ನಿಂತ ಆಂಬುಲೆನ್ಸ್ ಕಳಿಸಬೇಕು. ಹೊಸ ವ್ಯವಸ್ಥೆಯನ್ನು ಹೊರಗಿನವರ ಮುಂದೆ ಬಳಸುತ್ತಿದ್ದದ್ದು ಅದೇ ಮೊದಲು.

ಶನಿವಾರ ಅಂಗಡಿ ಬಿಡಲಾಗುವುದಿಲ್ಲವೆಂದು ಗಂಗಣ್ಣ ಶುಕ್ರವಾರವೇ ಬಂದು ಸೆಟ್ಟಿಗೆ ನಂಬರು ತುಂಬಿಸಿಕೊಂಡು ಹೋದರು. ಶನಿವಾರ ಸಂಜೆ ಪ್ರಸನ್ನ ಫೋನ್ ಮಾಡಿ, ವೇದಿಕೆಯವರ ಹರಟೆ ರಸ್ತೆಯವರಿಗೆ ಅಡ್ಡ ಬರುವುದು ಬೇಡ, ಗುಂಪು ಬೇರೆ ಮಾಡಿ ಎಂದ. ನಾನು ವೇದಿಕೆಗೊಂದು, ರಸ್ತೆಗೊಂದು ಹೊಸ ನಂಬರು ಕೊಟ್ಟು ನನ್ನ ಬಳಿ ಇದ್ದ ಎಲ್ಲ ಸೆಟ್ಟುಗಳಿಗೂ ಮತ್ತೆ ತುಂಬಿದೆ. ಹಳೆಯ ನಂಬರು ಯಾರಿಗೂ ಇಲ್ಲವಾಯಿತು, ಗಂಗಣ್ಣನೊಬ್ಬರನ್ನು ಬಿಟ್ಟು.

ಭಾನುವಾರ ಬೆಳಿಗ್ಗೆ ಆರೂವರೆಗೆ ಶಾಮಿಯಾನದ ಕೆಳಗೆ ಕೂತು ಹಾಜರಿ ಕರೆದೆ. ಒಂದೊಂದು ಜಾಗದ ಹೆಸರು ಕೂಗುವುದು, ಉತ್ತರ ಬಂದರೆ ಹಾಳೆಯಲ್ಲಿ ಟಿಕ್ ಹಾಕುವುದು. ಡೈರಿಯಲ್ಲಿ ಹೀಗಿದೆ: 'ಹನ್ನೊಂದು ಕಡೆಯಿಂದಲೂ ಉತ್ತರ ಬಂತು. ಗಂಗಣ್ಣನದು ಎಂದಿನಂತೆ ಗಟ್ಟಿ ದನಿ.'

ಓಟ ಶುರುವಾಗಿ ಒಂದು ಗಂಟೆ ಕಳೆದಿರಬೇಕು. ಕೆರೆಯ ತಿರುವಿನಲ್ಲಿ ಎದ್ದಿದ್ದ ಚಪ್ಪಡಿಗೆ ಕಾಲು ತಾಗಿ ಒಬ್ಬ ಹೆಂಗಸು ಬಿದ್ದರು. ಕೆಂಗೇರಿ ಉಪನಗರದ ಶಾಲಾ ಶಿಕ್ಷಕಿ, ನಲವತ್ತೈದರ ಆಸುಪಾಸು. ತೊಡೆಯ ಮೂಳೆ ಮುರಿದಿತ್ತು. ಅಲ್ಲಿ ನಿಂತಿದ್ದವರು ಗಂಗಣ್ಣ. ನಮಗೆ ಸುದ್ದಿ ಗೊತ್ತಾದದ್ದು ಎಂಟೂವರೆಗೆ, ಓಡಿ ವಾಪಸು ಬಂದ ಹುಡುಗಿಯೊಬ್ಬಳು ಹೇಳಿದಾಗ: "ಆಂಟಿ, ಕೆರೆ ಹತ್ರ ಯಾರನ್ನೋ ಲಗೇಜ್ ಆಟೋಲಿ ಮಲಗಿಸ್ಕೊಂಡು ಹೋದ್ರು, ತುಂಬಾ ಕಿರಚ್ತಾ ಇದ್ರು." ಆಂಬುಲೆನ್ಸ್ ನನ್ನಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಡ್ರೈವರ್ ಅದರ ಮೆಟ್ಟಿಲ ಮೇಲೆ ಕೂತು ಇಡ್ಲಿ ತಿನ್ನುತ್ತಿದ್ದ.

ಬುಧವಾರ ಸಂಜೆ ಬಸವೇಶ್ವರನಗರದಲ್ಲಿ ಕ್ಲಬ್ಬಿನ ಸಭೆ. ಶಿಕ್ಷಕಿಯ ಮನೆಯವರು ಪತ್ರ ಬರೆದಿದ್ದರು. ಆಂಬುಲೆನ್ಸ್ ಇದ್ದೂ ಯಾಕೆ ಕರೆಯಲಿಲ್ಲ, ಲಗೇಜ್ ಆಟೋದಲ್ಲಿ ಕುಲುಕಿದ್ದರಿಂದ ಮುರಿತ ಇನ್ನಷ್ಟು ಕೆಟ್ಟಿದೆ, ಕಾಲು ಮೊದಲಿನಂತಾಗುವುದು ಕಷ್ಟ ಎಂದು ಡಾಕ್ಟರು ಹೇಳುತ್ತಿದ್ದಾರೆ ಎಂದು. ಗಂಗಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಸೆಟ್ಟನ್ನು ಮೇಜಿನ ಮೇಲಿಟ್ಟು ನಿಂತೇ ಮಾತಾಡಿದರು.

"ನಾಕ್ ಸಲ ಕೂಗ್ದೆ ಸಾರ್. ನಾಕ್ ಸಲಾನೂ ಟಿಟಿಟಿಟ್ ಅಂತು. ಪ್ರಸನ್ನ ಅವ್ರಿಗೆ ಫೋನ್ ಮಾಡ್ದೆ, ರಿಂಗಾಯ್ತು, ಎತ್ತಲಿಲ್ಲ. ಆ ತಾಯಿ ಒದ್ದಾಡ್ತಾವ್ಳೆ. ಎಷ್ಟೊತ್ತು ಅಂತ ನೋಡ್ಲಿ?"

"ನಾನು ಸ್ಟೇಜ್ ಮೇಲಿದ್ದೆ ಗಂಗಣ್ಣ, ಮುಖ್ಯ ಅತಿಥಿ ಮಾತಾಡ್ತಾ ಇದ್ರು," ಎಂದ ಪ್ರಸನ್ನ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಬೆಳಿಗ್ಗೆ ಹಾಜರಿಲಿ ಇವರು ಉತ್ತರ ಕೊಟ್ಟಿದ್ರಾ?"

"ಕೊಟ್ಟಿದ್ರು. ಟಿಕ್ ಇದೆ."

ಗಂಗಣ್ಣ ನನ್ನನ್ನೇ ನೋಡಿದರು. "ನೀವು ಕೂಗಿದ್ದೇ ನಂಗೆ ಕೇಳಿಸ್ಲಿಲ್ಲ ಮೇಡಂ. ಬಿಜಿ ಇರ್ಬೇಕು ಅಂತ ಸುಮ್ನಾದೆ."

ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಯಾಕೆಂದರೆ ಅವರ ಗಟ್ಟಿ ದನಿ ನನ್ನ ಕಿವಿಯಲ್ಲಿತ್ತು. ನಿಜವಾಗಿಯೂ ಇತ್ತು. "ಕೇಳಿಸ್ತಾ ಐತೆ ಮೇಡಂ, ಚೆನ್ನಾಗಿ ಐತೆ" ಎಂದು ಅವರು ಅಂದದ್ದನ್ನು ಯಾವ ನ್ಯಾಯಾಲಯದಲ್ಲಾದರೂ ಪ್ರಮಾಣ ಮಾಡಿ ಹೇಳುತ್ತಿದ್ದೆ.

ಸಾಫ್ಟ್‌ವೇರಿನಲ್ಲಿರುವ ಸದಸ್ಯನೊಬ್ಬ, "ನಾಬ್ ತಿರುಗಿರುತ್ತೆ ಬಿಡಿ ಅಂಕಲ್. ಬೇರೆ ಗುಂಪಿಗೆ ಹೋಗಿರುತ್ತೆ," ಎಂದ. ಮೇಜಿನ ಮೇಲಿದ್ದ ಸೆಟ್ಟಿನ ನಾಬ್ ಸರಿಯಾಗಿ, ಇರಬೇಕಾದ ಒಂದನೇ ಅಂಕಿಯಲ್ಲೇ ಇತ್ತು. ಗಂಗಣ್ಣ ಅದನ್ನು ತೋರಿಸಿದರು. "ಆಮೇಲೆ ನೀವೇ ವಾಪಸ್ ತಿರುಗಿಸಿರ್ತೀರಾ," ಎಂದ. ಯಾರೋ ಮೆಲ್ಲಗೆ, "ಮೊದಲಿಂದ್ಲೂ ಇವ್ರಿಗೆ ಇದು ಆಗ್ತಿರ್ಲಿಲ್ಲ," ಅಂದದ್ದೂ ಕೇಳಿಸಿತು.

ಆಗ ನಾನು ಮಾತಾಡಿದೆ. ಕೋಪದಿಂದಲ್ಲ. ತರಗತಿಯಲ್ಲಿ ಹಿಂದುಳಿದ ಮಕ್ಕಳೊಂದಿಗೆ ಮಾತಾಡುವ ತಾಳ್ಮೆಯಿಂದ. "ಗಂಗಣ್ಣ, ನಿಧಾನವಾಗಿ ನೆನಪು ಮಾಡ್ಕೊಳ್ಳಿ. ಗಾಬರಿಲಿ ಕೈ ತಾಗಿರಬಹುದಲ್ವಾ? ಯಾರಿಗಾದ್ರೂ ಆಗುತ್ತೆ."

ಅವರು ತಮ್ಮ ಬಲಗೈಯ ಬೆರಳುಗಳನ್ನು ನೋಡಿಕೊಂಡರು. ತುಂಬಾ ಹೊತ್ತು ನೋಡಿಕೊಂಡರು. ಕೊನೆಗೆ, "ತಾಗಿರ್ಬೋದು ಮೇಡಂ. ನೀವು ಓದ್ಕಂಡೋರು ಹೇಳ್ತಾ ಇದೀರಾ," ಅಂದರು.

ಪ್ರಸನ್ನ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಂಡ. ಸದಸ್ಯರೊಬ್ಬರು ಸೆಟ್ ಸರಿಯಾಗಿ ಬಳಸದೆ ಹೀಗಾಯಿತೆಂದು ಆ ಮನೆಗೆ ಪತ್ರ ಹೋಯಿತು. ಪತ್ರದಲ್ಲಿ ಹೆಸರಿರಲಿಲ್ಲ. ಆದರೆ ಕೆರೆಯ ಹತ್ತಿರ ನಿಂತವರು ಯಾರೆಂದು ಅವರಿಗೆ ಗೊತ್ತೇ ಇತ್ತು.

ಹತ್ತು ಹನ್ನೆರಡು ದಿನದ ಮೇಲೆ ನನ್ನ ವಿದ್ಯಾರ್ಥಿಗಳಿಗೆ ತೋರಿಸಲೆಂದು ಟ್ರಂಕಿಂಗ್ ಕಂಪ್ಯೂಟರಿನ ದಾಖಲೆ ತೆಗೆದೆ. ಯಾವ ಸೆಟ್, ಯಾವ ಹೊತ್ತಿಗೆ, ಯಾವ ಗುಂಪಿನಲ್ಲಿ ಗುಂಡಿ ಒತ್ತಿತು ಎಂಬುದೆಲ್ಲ ಅದರಲ್ಲಿರುತ್ತದೆ. ಗಂಗಣ್ಣನ ಸೆಟ್ ಆ ಬೆಳಿಗ್ಗೆ ನಾಲ್ಕು ಸಲ ಮಾತಾಡಿತ್ತು. ನಾಲ್ಕೂ ಸಲ, ಶುಕ್ರವಾರ ನಾನೇ ಒಂದನೇ ಅಂಕಿಗೆ ತುಂಬಿದ್ದ ಹಳೆಯ ನಂಬರಿನಲ್ಲಿ. ಆರೂವರೆಯ ಹಾಜರಿಯಲ್ಲಿ ಅದು ಮಾತಾಡಿರಲೇ ಇಲ್ಲ.

ಮನೆಗೆ ಬಂದು ಡೈರಿ ತೆಗೆದೆ. ಶನಿವಾರದ ಪುಟದ ಅಂಚಿನಲ್ಲಿ ನನ್ನದೇ ಅಕ್ಷರ: 'ಗಂ. ಸೆಟ್ ನಂಬರು ಬಾಕಿ. ಬೆಳಿಗ್ಗೆ.' ಬೆಳಿಗ್ಗೆ ಅವರು ಮೈದಾನಕ್ಕೆ ಬರಲೇ ಇಲ್ಲ. ಕೆರೆ ಅವರ ಮನೆಯ ಹತ್ತಿರವೇ ಇದ್ದದ್ದರಿಂದ ನೇರವಾಗಿ ಅಲ್ಲಿಗೇ ಹೋಗಿದ್ದರು. ನಾನು ಮರೆತೆ.

ಆದರೆ ಆ ದನಿ? ಪ್ರಸನ್ನನಿಗೆ ಫೋನ್ ಮಾಡಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

"ನಾನೇ ಅಲ್ವಾ ಮೇಡಂ ಹೇಳಿದ್ದು? ನೀವು ಎರಡು ಸಲ ಕೂಗಿದ್ರಿ, ಉತ್ತರ ಬರ್ಲಿಲ್ಲ. ಗಂಗಣ್ಣ ಅಲ್ಲೇ ನಿಂತಿದಾರೆ, ಈಗ್ತಾನೆ ನೋಡ್ಕೊಂಡು ಬಂದೆ, ಹಾಕ್ಕೊಳಿ ಅಂದೆ. ಹಾಕಿದ್ರಿ."

"ಮತ್ತೆ ಸಭೆಲಿ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಖಚಿತವಾಗಿ ಕೊಟ್ಟಿದ್ರು ಅಂದ್ರಲ್ಲ. ಆಮೇಲೆ ಉತ್ತರ ಬಂದಿರುತ್ತೆ ಅಂದ್ಕೊಂಡೆ. ಈಗ ಕೆದಕ್ಬೇಡಿ ಮೇಡಂ. ಪತ್ರ ಹೋಗಾಯ್ತು. ಹೊಸ ಸಿಸ್ಟಮ್ ತಪ್ಪು ಅಂತಾದ್ರೆ ನಾಳೆ ನಮ್ಮನ್ನ ಯಾರು ಕರೀತಾರೆ? ಗಂಗಣ್ಣಾನೂ ಒಪ್ಕೊಂಡಿದಾರೆ."

ಒಪ್ಕೊಂಡಿದಾರೆ. ಆ ಮಾತನ್ನು ನಾನು ಹಿಡಿದುಕೊಂಡೆ. ಅದನ್ನು ಹಿಡಿದುಕೊಂಡೇ ಏಳು ತಿಂಗಳು ಕಳೆದೆ. ಆ ಏಳು ತಿಂಗಳ ಡೈರಿಯಲ್ಲಿ ಪರೀಕ್ಷೆಯ ಕೆಲಸವಿದೆ, ಹಲ್ಲುನೋವಿದೆ, ನೀರು ಬರದ ದಿನಗಳ ಲೆಕ್ಕವಿದೆ. ಗಂಗಣ್ಣನ ಹೆಸರು ಒಮ್ಮೆಯೂ ಇಲ್ಲ. ಮರೆತಿದ್ದೆನೆಂದಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಕೊನೆಗೂ ಹೋದೆ. ದಾಖಲೆಯ ಪ್ರಿಂಟ್ ತೆಗೆದುಕೊಂಡಿದ್ದೆ. ಗಂಗಣ್ಣ ಅಂಗಡಿಯಲ್ಲಿ ಪಂಪ್‌ಸೆಟ್ ಬಿಚ್ಚಿಕೊಂಡು ತಾಮ್ರದ ತಂತಿ ಸುತ್ತುತ್ತಿದ್ದರು. ನನ್ನನ್ನು ನೋಡಿ ಎದ್ದು ಸ್ಟೂಲ್ ಒರೆಸಿದರು. "ಬನ್ನಿ ಮೇಡಂ, ಕೂತ್ಕಳಿ. ಟೀ ಕುಡೀತೀರಾ?" ಗೋಡೆಯ ಮೊಳೆಗೆ ನೇತುಬಿಟ್ಟಿರುತ್ತಿದ್ದ ಸೆಟ್ ಇರಲಿಲ್ಲ. ಕೇಳಿದೆ. "ಮಾರ್ಬಿಟ್ಟೆ. ಸಾಕು ಮೇಡಂ, ಕೈ ಮೊದಲ್ನಂಗಿಲ್ಲ," ಅಂದರು.

ನಾನು ಎಲ್ಲವನ್ನೂ ಹೇಳಿದೆ. ಶನಿವಾರದ ಬದಲಾವಣೆ, ನನ್ನ ಮರೆವು, ಕೇಳದೇ ಹಾಕಿದ ಟಿಕ್, ಏಳು ತಿಂಗಳ ಮೌನ. ಪ್ರಿಂಟ್ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಬೆರಳಿಟ್ಟು ಸಾಲು ಸಾಲಾಗಿ ನೋಡಿದರು. ಆಮೇಲೆ ಮಡಿಸಿ ನನ್ನ ಕೈಗೇ ಕೊಟ್ಟರು. ಬೈಯುತ್ತಾರೆಂದು ಕಾದೆ. ಬೈಯಲಿ ಎಂದು ಕಾದೆ.

"ನೀವು ದೊಡ್ಡ ಮನಸ್ನೋರು ಮೇಡಂ. ನನ್ನ ಸಮಾಧಾನಕ್ಕೆ ಇಷ್ಟು ದೂರ ಬಂದಿದೀರಾ."

"ಸಮಾಧಾನಕ್ಕಲ್ಲ ಗಂಗಣ್ಣ, ಇದೇ ನಿಜ. ನೀವು ನಾಬ್ ಮುಟ್ಟೇ ಇಲ್ಲ."

"ಮುಟ್ದೆ ಮೇಡಂ. ನಂಗೆ ಚೆನ್ನಾಗಿ ಗ್ಯಾಪಕ ಐತೆ." ಅವರು ತಂತಿ ಕೆಳಗಿಟ್ಟು, ಕೈಯಲ್ಲಿ ಸೆಟ್ ಇದ್ದಂತೆ ಹಿಡಿದು ತೋರಿಸಿದರು. "ಆ ಟೀಚರಮ್ಮ ಬಿದ್ದ ತಕ್ಷಣ ಹಿಂಗೆ ಹಿಡ್ಕಂಡು ಓಡ್ದೆ. ಹೆಬ್ಬೆಟ್ಟು ನಾಬ್ ಮ್ಯಾಲಿತ್ತು. ಟಕ್ ಅಂತು. ಟಕ್ ಅಂದಿದ್ದು ಕೇಳಿಸ್ತು, ಆದ್ರೂ ನೋಡ್ಲಿಲ್ಲ. ಅದೇ ನಾನು ಮಾಡಿದ್ ತಪ್ಪು."

"ಅದು ಆಗೇ ಇಲ್ಲ."

"ನೀವು ಅಲ್ಲಿರ್ಲಿಲ್ವಲ್ಲ ಮೇಡಂ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲಿದ್ದೋನು ನಾನು."

ಆಮೇಲೆ ಹೇಳಿದರು, ಎರಡು ಸಲ ಶಿಕ್ಷಕಿಯ ಮನೆಗೆ ಹೋಗಿ ತಪ್ಪಾಯ್ತು ಅಂದು ಬಂದಿದ್ದಾರಂತೆ. ಎರಡನೆಯ ಸಲ ಆಕೆಯ ಗಂಡ ಬಾಗಿಲಲ್ಲೇ ನಿಲ್ಲಿಸಿ, ಇನ್ನು ಬರಬೇಡಿ ಎಂದರಂತೆ. "ಅವ್ರು ಹೇಳಿದ್ರಲ್ಲಿ ತಪ್ಪೇನೈತೆ? ಆ ತಾಯಿ ಕೋಲು ಹಿಡ್ಕಂಡು ಸ್ಕೂಲಿಗೆ ಹೋಗ್ತಾವ್ಳೆ," ಅಂದರು.

ಮರುದಿನವೇ ಕ್ಲಬ್ಬಿಗೂ ಆ ಮನೆಗೂ ನನ್ನ ಹೆಸರು ಹಾಕಿ, ತಪ್ಪು ನನ್ನದೆಂದು ಪತ್ರ ಬರೆದೆ. ಕ್ಲಬ್ಬಿನಲ್ಲಿ ಅದನ್ನು ಓದಿ ನಡಾವಳಿ ತಿದ್ದಿದರು. ಆ ಮನೆಯಿಂದ ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಹಕ್ಕೂ ನನಗಿಲ್ಲ. ತಿದ್ದಿದ ನಡಾವಳಿಯ ಪ್ರತಿಯನ್ನು ಗಂಗಣ್ಣನಿಗೆ ಕೊಟ್ಟು ಬಂದೆ. "ಇರ್ಲಿ ಬಿಡಿ ಮೇಡಂ," ಎಂದು ಅದನ್ನು ಬಿಲ್ ಪುಸ್ತಕದ ಕೆಳಗೆ ಸೇರಿಸಿದರು.

ಮರೆವಿಗೆ ಕ್ಷಮೆ ಇರಬಹುದು. ಕೇಳದ ದನಿಯನ್ನು ಕೇಳಿದೆನೆಂದು ನಂಬಿದ್ದಕ್ಕೂ ಇರಬಹುದೇನೋ, ನನ್ನ ಮನಸ್ಸು ನನಗೇ ಮೋಸ ಮಾಡಿತು ಅನ್ನಬಹುದು. ಆದರೆ ತನ್ನ ಕಣ್ಣಾರೆ ಕಂಡದ್ದನ್ನು ಸರಿಯಾಗಿ ನೆನಪಿಟ್ಟುಕೊಂಡಿದ್ದ ಒಬ್ಬ ಮನುಷ್ಯನಿಗೆ, ಹತ್ತು ಜನರೆದುರು, ನಿಧಾನವಾಗಿ ನೆನಪು ಮಾಡ್ಕೊಳ್ಳಿ ಎಂದವಳು ನಾನು. ಅವರು ನನ್ನ ಮಾತು ಕೇಳಿ ನೆನಪು ಮಾಡಿಕೊಂಡರು. ಆ ಬೆಳಿಗ್ಗೆ ಕೆರೆಯ ತಿರುವಿನಲ್ಲಿ 'ಟಕ್' ಎಂಬ ಸದ್ದು ಆಗಲೇ ಇಲ್ಲ. ಅವರಿಗೆ ಅದು ಈಗಲೂ ಕೇಳುತ್ತಿದೆ.